ಅಡಿಗೆಮನೆಯ ಗಿಟಾರು

1985ನೆಯ ಇಸವಿ ಫೆಬ್ರವರಿ ತಿಂಗಳ ಕೊನೆಯಲ್ಲಿ ಅಮೇರಿಕಾದ ಲಾಸ್ ಏಂಜಲಿಸ್ ನಗರದಲ್ಲಿ ಒಂದು ದೊಡ್ಡ ಸಮಾರಂಭವು ಜರುಗಿತು. ಧ್ವನಿಮುದ್ರಿತ ಸಂಗೀತಕ್ಕೆಂದು ಆ ದೇಶದಲ್ಲಿ ವರ್ಷಂಪ್ರತಿ ಕೊಡುವ ಗ್ರ್ಯಾಮಿ ಎಂಬ ಬಹುಮಾನವನ್ನು ಹಂಚುವ ಸಮಾರಂಭವದು. ದೇಶದ ಹೆಸರಾಂತ ಗಾಯಕರೂ ಗಾಯಕಿಯರೂ ಪಾಲುಗೊಳ್ಳುವ ಈ ಬಹುಮಾನಗಳಲ್ಲಿ, ಪರಂಪರಾಗತವಾದ ಜನಪದ ಸಂಗೀತಕ್ಕೆ ಮೀಸಲಾದುದು ಆ ವರ್ಷ 92 ವರ್ಷ ವಯಸ್ಸಿನ ಒಬ್ಬ ಮುದುಕಿಗೆ ಸಂದಿತು. ಆಕೆ ವಂದನೆಯನ್ನು ಹೇಳಿ, ತನ್ನ ಗಿಟಾರು ಜೊತೆಯಲ್ಲಿ ಇದ್ದಿದ್ದರೆ ಸಭಿಕರಿಗೆಲ್ಲ ಒಂದು ಹಾಡನ್ನು ನುಡಿಸಿಬಿಡಬಹುದಾಗಿತ್ತು, ಅದೊಂದೇ ಕೊರತೆಯಾಯಿತು ಎಂಬರ್ಥದ ಮಾತನ್ನಾಡಿದಳು.

ಆ ಮುದುಕಿಯ ಹೆಸರು ಎಲಿಜಬೆತ್ ಕಾಟನ್. ಬಹುಮಾನವನ್ನು ಪಡೆದ ರಿಕಾರ್ಡಿನ ಹೆಸರೂ ಹೆಚ್ಚುಕಡಿಮೆ ಅದೇ — ‘ಎಲಿಜಬೆತ್ ಕಾಟನ್ ಲೈವ್’. ಸಭೆಯ ಎದುರಿಗೆ ನಡೆದ ಕಚೇರಿಗಳನ್ನು, ಮಾತು ನಗು ಚಪ್ಪಾಳೆಗಳ ಸಹಿತವಾಗಿ, ಇದ್ದುದಿದ್ದಂತೆ ಹಿಡಿದಿಟ್ಟ ಮುದ್ರಿಕೆಯೆಂದು ಇದರ ಅರ್ಥ. ಅರ್ಹೂಲಿ ಎಂಬ ಕ್ಯಾಲಿಫೋರ್ನಿಯಾದ ಒಂದು ಸಣ್ಣ ಕಂಪನಿಯವರು 1983ರಲ್ಲಿ ಇದನ್ನು ಹೊರತಂದರು. ಆಗ ಆಕೆಗೆ 90 ವರ್ಷ. ಆಕೆಯ ಮೊದಲನೆಯ ರಿಕಾರ್ಡು ಹೊರಬಂದಾಗಲೇ 65 ತುಂಬಿದ್ದಿತು. ಅದಕ್ಕೆ ಹಿಂದಿನ ಆಯುಷ್ಯದ ಬಹುಭಾಗವು ಅನ್ಯರ ಮನೆಗಳಲ್ಲಿ ಅಡಿಗೆ ಮಾಡುವುದರಲ್ಲಿಯೂ, ಬಟ್ಟೆ ಒಗೆದು ಇಸ್ತ್ರಿ ಮಾಡುವುದರಲ್ಲಿಯೂ, ಮಕ್ಕಳನ್ನು ನೋಡಿಕೊಳ್ಳುವುದರಲ್ಲಿಯೂ ಕಳೆದುಹೋಗಿತ್ತು.

ಇಂಥವರನ್ನು ಕುರಿತು ಬರೆಯುವವರು ‘ತಡವಾಗಿ ಅರಳಿದ ಹೂವು’ ಎನ್ನುವುದು ವಾಡಿಕೆ. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಈ ಹೂವು ಅರಳಿದ್ದು ಹನ್ನೆರಡನೆಯ ವಯಸ್ಸಿಗೆ. ಮೂಸಿ ನೋಡುವವರು ಬರುವುದು ಮಾತ್ರ ಅರ್ಧ ಶತಮಾನ ತಡವಾಯಿತು. ಅದು ಹೇಗೆಂಬುದನ್ನು ವಾಚಕರಿಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಎಲಿಜಬೆತ್ ಹುಟ್ಟಿದುದು 1893ನೆಯ ಇಸವಿ ಜನವರಿ 5ರಂದು, ಉತ್ತರ ಕ್ಯಾರೊಲೈನಾ ಸಂಸ್ಥಾನದಲ್ಲಿ. ಚಾಪೆಲ್ ಹಿಲ್ ಎಂಬ ವಿಶ್ವವಿದ್ಯಾಲಯದ ಊರಿನ ಮಗ್ಗುಲಿಗೆ, ಈಗ ಕಾರ್‌ಬರೋ ಎಂದು ಹೆಸರಾಗಿರುವ ಹಳ್ಳಿಯಲ್ಲಿ. ಗುಲಾಮಗಿರಿಯು ಶಾಸನದ ಮೂಲಕ ರದ್ದಾಗಿ ಆಗ್ಗೆ 28 ವರ್ಷಗಳಾಗಿದ್ದವು. ಶಾಸನವು ಹೋದರೂ ಕರಿಯ ಜನರ ಪಾಲಿಗೆ ಉಳಿದಿದ್ದ ಬದುಕಿನ ದಾರಿಗಳು ಬೆರಳೆಣಿಕೆಯಷ್ಟೇ. ತಂದೆ ಕಬ್ಬಿಣದ ಗಣಿಯಲ್ಲಿ ಸಿಡಿಮದ್ದಿನ ಕೆಲಸ ಮಾಡುತ್ತಿದ್ದನು. ತಾಯಿಯು ಅಡಿಗೆಯ ಕೆಲಸವನ್ನೂ ಸೂಲಗಿತ್ತಿಯ ಕೆಲಸವನ್ನೂ ಮಾಡುತ್ತಿದ್ದಳು. ಐವರು ಮಕ್ಕಳಲ್ಲಿ ಈಕೆಯೇ ಕಡೆಯವಳು. ಕಡೆಯ ಮಗುವಿಗೆ ಮನೆಯಲ್ಲಿ ಯಾರೂ ಹೆಸರನ್ನೇ ಇಟ್ಟಿರಲಿಲ್ಲವಂತೆ. ಪಾಪು, ಪುಟ್ಟಿ ಎಂಬ ಮುದ್ದಿನ ಕರೆಯಿಂದಲೇ ಕಾಲ ಸಾಗುತ್ತಿದ್ದಿತು. ಶಾಲೆಗೆ ಸೇರಿದ ಮೊದಲನೆಯ ದಿನ ಉಪಾಧ್ಯಾಯಿನಿ ಹೆಸರು ಕೇಳಿದಾಗ ಹುಡುಗಿಯು ತಾನಾಗಿಯೇ ‘ಎಲಿಜಬೆತ್’ ಎಂದು ಹೇಳಿಬಿಟ್ಟಳು. ತನ್ನ ಹೆಸರನ್ನು ತಾನೇ ಇಟ್ಟುಕೊಂಡ ಹುಡುಗಿ! ಮುಂದೆ ವಾದ್ಯವನ್ನೂ ತನ್ನದೇ ರೀತಿಯಲ್ಲಿ ಹಿಡಿದಳೆಂದರೆ ಆಶ್ಚರ್ಯವೇನಿದೆ?

ಅಣ್ಣನ ಹತ್ತಿರ ಒಂದು ಬ್ಯಾಂಜೋ ಇದ್ದಿತು. ಬ್ಯಾಂಜೋ ಎಂದರೆ ತೊಗಲು ಬಿಗಿದ ದುಂಡನೆಯ ಬುರುಡೆಗೆ ಉದ್ದನೆಯ ಕೊರಳನ್ನು ಜೋಡಿಸಿದ ತಂತಿವಾದ್ಯ. ಗುಲಾಮರಾಗಿ ಬಂದ ಆಫ್ರಿಕದ ಜನರೊಡನೆ ಅದರ ಕಲ್ಪನೆಯೂ ಅಮೇರಿಕಕ್ಕೆ ಬಂದಿತು. ಅಣ್ಣನು ಕೆಲಸಕ್ಕೆ ಹೋದ ಹೊತ್ತಿನಲ್ಲಿ ತಂಗಿಯು ಅದನ್ನು ಕದ್ದು ತೆಗೆದು ನುಡಿಸುವಳು. ತಂತಿ ಹರಿದುಹೋದರೆ ಮೆಲ್ಲನೆ ಮೊದಲಿದ್ದ ಜಾಗದಲ್ಲಿಯೇ ಇಟ್ಟು ಅಡಗಿಕೊಳ್ಳುವಳು. ಆಗ ಆಕೆಗೆ ಏಳೆಂಟು ವರ್ಷ. ಆದರೆ ಹುಡುಗಿ ಎಡಚಿ. ಅಣ್ಣನ ವಾದ್ಯವೋ ಬಲಗೈಯವರಿಗೆ ತಂತಿ ಕಟ್ಟಿದುದು. ಆಕೆ ಮಾಡಿದ ಉಪಾಯವು ಬಹಳ ಸರಳ: ವಾದ್ಯವನ್ನೇ ತಿರುಗಿಸಿ ಹಿಡಿದಳು.

ಇದರಿಂದ ಏನಾಯಿತೆಂಬುದನ್ನು ತಿಳಿಯಲು ಗಿಟಾರಿನ ರಚನೆಯನ್ನು ಸ್ವಲ್ಪ ನೋಡಬೇಕು. ಅದಕ್ಕೆ ಆರು ತಂತಿಗಳು. ಸಾಮಾನ್ಯ ರೀತಿಯಲ್ಲಿ ಹಿಡಿದಾಗ ದಪ್ಪನೆಯ ಮಂದ್ರದ ತಂತಿಗಳು ಮೇಲೆ, ನುಡಿಸುವವನ ಮುಖದ ಕಡೆಗೆ ಇರುತ್ತವೆ. ತೆಳ್ಳಗಿನ ತಾರದ ತಂತಿಗಳು ಕೆಳಗೆ. ಹೆಬ್ಬೆರಳು ಮಂದ್ರದ ತಂತಿಗಳನ್ನು ಒಂದಾದಮೇಲೊಂದರಂತೆ ಮೀಟುತ್ತ ನಡೆಯನ್ನು ಕಾಯುತ್ತದೆ. ಉಳಿದ ಬೆರಳುಗಳು ರಾಗವನ್ನು ಹೇಳುತ್ತವೆ. ತಂತಿಗಳನ್ನು ಮರಳಿ ಕಟ್ಟದೆ ಗಿಟಾರನ್ನು ತಲೆಕೆಳಗಾಗಿ ಹಿಡಿದರೆ ಎಲ್ಲವೂ ಅದಲುಬದಲಾಗುತ್ತದೆ. ಎಲಿಜಬೆತ್ ಮಂದ್ರವನ್ನು ಬೆರಳಿನಿಂದಲೂ ರಾಗವನ್ನು ಹೆಬ್ಬೆರಳಿನಿಂದಲೂ ನುಡಿಸಲು ಕಲಿತಳು. ಕಲಿಸುವವರು ಯಾರೂ ಇರಲಿಲ್ಲ. ಇದ್ದಿದ್ದರೆ ಹೀಗೆ ಹಿಡಿಯಬಾರದೆಂದು ಬೈದು ತಿದ್ದಿಬಿಡುತ್ತಿದ್ದರೋ ಏನೋ! ಈಗ ಆ ಕ್ರಮಕ್ಕೆ ಆಕೆಯ ಹೆಸರೇ ನಿಂತಿದೆ. ಅಮೇರಿಕಾದ ಗಿಟಾರು ಕಲಿಯುವ ಹುಡುಗರು ಎರಡು ಕೈಗಳೂ ನೆಟ್ಟಗಿದ್ದು ಆ ಎಡಗೈಯ ನಾದವನ್ನು ಹೊರಡಿಸಲು ಇಂದಿಗೂ ಹೆಣಗುತ್ತಾರೆ.

ಒಂಬತ್ತನೆಯ ವಯಸ್ಸಿಗೆ ಶಾಲೆ ನಿಂತಿತು. ಹನ್ನೆರಡರ ಸುಮಾರಿಗೆ ಬಿಳಿಯರ ಮನೆಗಳಲ್ಲಿ ಕೆಲಸ. ತಿಂಗಳಿಗೆ ಒಂದು ಡಾಲರನ್ನು ಮೀರದ ಸಂಬಳ. ಆ ಹಣವನ್ನು ಕೂಡಿಟ್ಟು ಸ್ಟೆಲ್ಲಾ ಎಂಬ ಗುರುತಿನ ಗಿಟಾರೊಂದನ್ನು 3.75 ಡಾಲರಿಗೆ ಕೊಂಡುಕೊಂಡಳು. ನಾಲ್ಕು ತಿಂಗಳ ಪಾತ್ರೆ ತೊಳೆತಕ್ಕೆ ಒಂದು ಗಿಟಾರು ಎಂದು ಲೆಕ್ಕವಾಯಿತು. ಮನೆಯ ಬಳಿಯೇ ರೈಲು ಹಾದಿ. ಹಗಲಿರುಳೂ ಗೂಡ್ಸ್ ಗಾಡಿಗಳ ಓಡಾಟ. ಹನ್ನೊಂದು ಹನ್ನೆರಡು ವರ್ಷದ ಆ ಹುಡುಗಿ ಗಾಡಿಯ ಸದ್ದಿಗೆ ಕಿವಿಗೊಟ್ಟು ಒಂದು ಹಾಡನ್ನು ಕಟ್ಟಿದಳು: ‘ಫ್ರೈಟ್ ಟ್ರೇನ್’, ಎಂದರೆ ಗೂಡ್ಸ್ ಗಾಡಿ. ಯಾವ ಗಾಡಿ ಹತ್ತಿ ಹೋದಳೆಂದು ಯಾರಿಗೂ ಹೇಳಬೇಡಿರೆಂದು ಬೇಡುವ ಹಾಡು ಅದು. ಸತ್ತ ಮೇಲೆ ತನ್ನನ್ನು ಗಾಡಿಯ ಸದ್ದು ಕೇಳಿಸುವಲ್ಲಿ ಮಣ್ಣುಮಾಡಿರೆಂದೂ ಕೋರುತ್ತದೆ. ಹನ್ನೆರಡು ತುಂಬದ ಹುಡುಗಿಗೆ ಸಾವಿನ ಮಾತೇಕೆ ಬಂದಿತೋ! ಓಡಿಹೋಗಬೇಕೆಂಬ ಆಸೆಯು ಏಕೆ ಬಂದಿತೆಂದು ಮಾತ್ರ ಕೇಳಬೇಕಾದುದಿಲ್ಲ.

ಇನ್ನೊಂದು ಹಾಡಿನ ಹುಟ್ಟು ಗೃಹಿಣಿಯರಿಗೆ ರುಚಿಸೀತು. ನೆರೆಮನೆಯ ಹೆಂಗಸೊಬ್ಬಳು ಈಕೆಯ ಮೇಲೆ ತಾಯಿಗೆ ಸುಳ್ಳು ಚಾಡಿ ಹೇಳಿದಳು. ತಾಯಿಯಿಂದ ದಂಡನೆಯಾಯಿತು. ಹುಡುಗಿ ಎದುರುಮಾತಾಡಲಿಲ್ಲ, ಆ ಸುಳ್ಳಿನ ಮೇಲೆ ಒಂದು ಹಾಡನ್ನು ಕಟ್ಟಿ ಹಾಡುತ್ತ ಹೋದಳು. ಚಾಡಿಕೋರಳಿಗೆ ಅದು ತನ್ನ ಮೇಲಿನದೆಂದು ತಿಳಿಯಲೇ ಇಲ್ಲವೆಂದು ಎಷ್ಟೋ ವರ್ಷಗಳ ಮೇಲೆ ನಗುತ್ತ ಹೇಳುತ್ತಿದ್ದಳಂತೆ.

ಇಂಥ ಹಾಡುಗಳನ್ನು ‘ಬ್ಲೂಸ್’ ಎಂಬ ಜಾತಿಗೆ ಸೇರಿಸುವರು. ನೀಲಿ ಎಂಬ ಅರ್ಥದ ಈ ಶಬ್ದಕ್ಕೆ ಇಂಗ್ಲಿಷಿನಲ್ಲಿ ಮನಸ್ಸಿನ ಕುಂದು ಎಂಬರ್ಥವೂ ಉಂಟು. ಅಮೇರಿಕಾದ ದಕ್ಷಿಣ ಸಂಸ್ಥಾನಗಳ ಹತ್ತಿಯ ಹೊಲಗಳಲ್ಲಿಯೂ ರಸ್ತೆಯ ಕೆಲಸದಲ್ಲಿಯೂ ಬೆಂದ ಕರಿಯ ಜನರ ಹಾಡು ಅದು. ಒಂದು ಚರಣವನ್ನು ಹಾಡಿ, ಅದನ್ನೇ ಮತ್ತೊಮ್ಮೆ ಹಾಡಿ, ಮೂರನೆಯದರಲ್ಲಿ ಉತ್ತರ ಹೇಳುವುದು ಅದರ ಪ್ರಸಿದ್ಧವಾದ ಕಟ್ಟು. ಗಾಂಧಾರ ನಿಷಾದಗಳನ್ನು ಪಿಯಾನೋದ ಮೆಟ್ಟಿಲಿಗೆ ಸಿಕ್ಕದಂತೆ ಕೊಂಚ ಇಳಿಸಿ ಹಾಡುವುದೇ ಅದರ ಜೀವಾಳ. ನಮ್ಮ ಕಿವಿಗೆ ಇದೇನೂ ಅಪರಿಚಿತವಲ್ಲ. ಮಿಸ್ಸಿಸ್ಸಿಪಿ ಪ್ರಾಂತದ ಬ್ಲೂಸ್ ಭಾರವಾದುದು, ಗದರುವಂಥದು. ಎಲಿಜಬೆತ್ತಳ ಕಡೆಯ, ಪೂರ್ವ ಕರಾವಳಿಯ ಸೀಮೆಯ ಬ್ಲೂಸ್ ಹಗುರವಾದುದು. ಬ್ಯಾಂಜೋದ ಕುಣಿತವೂ ಚರ್ಚಿನ ಕೀರ್ತನೆಯ ಶಾಂತಿಯೂ ಅದರಲ್ಲಿ ಬೆರೆತಿವೆ. ಆಕೆಯ ವಾದ್ಯದಲ್ಲಿ ಇವೆರಡೂ ಬೇರೆಯಾಗಿ ಕೇಳಿಸುವುದೇ ಇಲ್ಲ.

ಆದರೆ ಚರ್ಚಿನವರಿಗೆ ಹಾಗೆ ತೋರಲಿಲ್ಲ. ಹದಿನೇಳು ತುಂಬುವ ಹೊತ್ತಿಗೆ, 1910ರಲ್ಲಿ, ಎಲಿಜಬೆತ್ತಳಿಗೆ ಫ್ರಾಂಕ್ ಕಾಟನ್ ಎಂಬವನೊಡನೆ ವಿವಾಹವಾಯಿತು. ಲಿಲ್ಲಿ ಎಂಬ ಮಗಳು ಹುಟ್ಟಿದಳು. ಆಕೆ ಚರ್ಚಿನ ಸಭೆಗೆ ಸೇರಿ ದೀಕ್ಷೆ ಪಡೆದಳು. ದೇವರ ಸೇವೆ ಮಾಡತಕ್ಕವರು ಲೌಕಿಕ ಹಾಡುಗಳನ್ನು ನುಡಿಸಬಾರದೆಂದು ಅಲ್ಲಿಯ ಹಿರಿಯರು ತಿಳಿಸಿದರು. ಒಂದೇ ದಿನದಲ್ಲಿ ಬಿಟ್ಟುದಲ್ಲ. ದಿನದಿಂದ ದಿನಕ್ಕೆ ಕಡಿಮೆಯಾಗುತ್ತ ಬಂದು ಗಿಟಾರು ಕಡೆಗೆ ಮೂಲೆಗೆ ಸೇರಿತು. ಗಂಡನ ಮನೆ, ಮಗು, ಕೂಲಿಕೆಲಸ, ದೇವರ ಭಯ ಎಂಬ ನಾಲ್ಕು ಕಾರಣಗಳು ಕೂಡಿದರೆ ಯಾವ ವಾದ್ಯ ತಾನೇ ಮೂಲೆಗೆ ಸೇರುವುದಿಲ್ಲ? ಮದುವೆಗೆ ಮುಂಚೆ ಕಲಿತ ವೀಣೆಯನ್ನು ಅಟ್ಟದ ಮೇಲಿಟ್ಟ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲಿಯೂ ಇದ್ದಾರೆ; ಅವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಚರ್ಚಿನಲ್ಲಿ ಆಗೊಮ್ಮೆ ಈಗೊಮ್ಮೆ ಮುಟ್ಟಿದುದನ್ನು ಬಿಟ್ಟರೆ ಎಲಿಜಬೆತ್ ಬಹಳ ವರ್ಷಗಳ ಕಾಲ ಗಿಟಾರನ್ನು ನುಡಿಸಲಿಲ್ಲ.

ಮಗಳಿಗೆ ಮದುವೆಯಾದ ತರುವಾಯ ಆಕೆ ಗಂಡನಿಂದ ಬೇರೆಯಾಗಿ, ಮಗಳು ಮೊಮ್ಮಕ್ಕಳೊಡನೆ ವಾಷಿಂಗ್ಟನ್ ನಗರಕ್ಕೆ ಬಂದು ನೆಲಸಿದಳು. 1940ರ ದಶಕದಲ್ಲಿ ಅಲ್ಲಿಯ ಲ್ಯಾನ್ಸ್‌ಬರ್ಗ್ ಎಂಬ ದೊಡ್ಡ ಅಂಗಡಿಯಲ್ಲಿ, ಹಬ್ಬದ ಕಾಲದಲ್ಲಿ, ಬೊಂಬೆಗಳನ್ನು ಮಾರುವ ಕೆಲಸ ಸಿಕ್ಕಿತು. ಒಂದು ದಿನ ಒಬ್ಬ ಚಿಕ್ಕ ಹುಡುಗಿ ತಾಯಿಯಿಂದ ತಪ್ಪಿಸಿಕೊಂಡು ಅಂಗಡಿಯಲ್ಲಿ ದಿಕ್ಕುಗೆಟ್ಟು ಅಲೆಯುತ್ತಿದ್ದುದನ್ನು ಎಲಿಜಬೆತ್ ಕಂಡಳು. ಮಗುವನ್ನು ಸಂತೈಸಿ ತಾಯಿಗೆ ಒಪ್ಪಿಸಿದಳು. ತಾಯಿಗೆ ಈಕೆಯ ನಡತೆಯು ಮೆಚ್ಚಿಗೆಯಾಗಿ, ಮುಂದೆ ಎಂದಾದರೂ ಮನೆಗೆಲಸ ಬೇಕೆನಿಸಿದರೆ ತಮ್ಮಲ್ಲಿಗೆ ಬರಬಹುದೆಂದು ಹೇಳಿ ಹೋದಳು. ಸ್ವಲ್ಪ ದಿನಗಳ ಮೇಲೆ ಎಲಿಜಬೆತ್ ಆ ಮನೆಗೆ ಕೆಲಸಕ್ಕೆ ಸೇರಿದಳು.

ಅದು ಯಾರ ಮನೆ ಎಂಬುದನ್ನು ಕೇಳಿದರೆ ವಾಚಕರು ಕಟ್ಟುಕಥೆಯೆಂದು ಶಂಕಿಸಬಹುದು. ತಾಯಿಯು ರೂತ್ ಕ್ರಾಫರ್ಡ್ ಸೀಗರ್ — 1930ರಲ್ಲಿ ಸಂಗೀತ ರಚನೆಗಾಗಿ ಗುಗ್ಗೆನ್‌ಹೈಮ್ ವೇತನವನ್ನು ಪಡೆದ ಮೊದಲನೆಯ ಸ್ತ್ರೀ. ತಂದೆಯು ಚಾರ್ಲ್ಸ್ ಸೀಗರ್, ಸಂಗೀತಶಾಸ್ತ್ರದ ಪಂಡಿತ. ತಪ್ಪಿಸಿಕೊಂಡ ಹುಡುಗಿ ಪೆಗ್ಗಿ. ಆಕೆಯ ಅಣ್ಣ ಮೈಕ್. ಚಾರ್ಲ್ಸನ ಮೊದಲನೆಯ ಹೆಂಡತಿಯ ಮಗನೇ ಲೋಕಪ್ರಸಿದ್ಧನಾದ ಗಾಯಕ ಪೀಟ್ ಸೀಗರ್. ದೇಶದ ಮೂಲೆಮೂಲೆಗಳಿಂದ ಸಂಗ್ರಹವಾಗಿ ಕಾಂಗ್ರೆಸ್ ಪುಸ್ತಕಭಂಡಾರಕ್ಕೆ ಬಂದ ಜನಪದ ಹಾಡುಗಳ ರಿಕಾರ್ಡುಗಳನ್ನು ಮತ್ತೆ ಮತ್ತೆ ಕೇಳಿ ಸ್ವರಲಿಪಿಯಲ್ಲಿ ಬರೆದಿಡುವುದು ರೂತಳ ಕೆಲಸವಾಗಿತ್ತು. ಮಕ್ಕಳಿಗಾಗಿ ಆಕೆ ಅಳವಡಿಸಿದ ಜನಪದ ಗೀತೆಗಳ ಪುಸ್ತಕವು 1948ರಲ್ಲಿ ಅಚ್ಚಾಯಿತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನಡುಮನೆಯಲ್ಲಿ ದೂರದ ಹಳ್ಳಿಯ ಕರಿಯ ಹೆಂಗಸರ ಹಾಡನ್ನು ಯಂತ್ರದ ಮೇಲೆ ಹಾಕಿ, ಒಂದೊಂದು ಸ್ವರವನ್ನೂ ಜೋಪಾನವಾಗಿ ಕಾಗದಕ್ಕೆ ಇಳಿಸುತ್ತಿದ್ದಾರೆ. ಅದೇ ಹೊತ್ತಿನಲ್ಲಿ ಅಡಿಗೆಮನೆಯಲ್ಲಿ ಅಂಥ ಹಳ್ಳಿಯ ಹೆಂಗಸೊಬ್ಬಳು ರೊಟ್ಟಿ ಸುಡುತ್ತಿದ್ದಾಳೆ. ಇವಳಿಗೂ ಹಾಡು ಬರುತ್ತದೆಯೇ ಎಂದು ಕೆಲವು ವರ್ಷಗಳ ತನಕ ಯಾರಿಗೂ ಹೊಳೆಯಲಿಲ್ಲ. ತಾನಾಗಿ ಹೇಳಿಕೊಳ್ಳುವುದು ಆಕೆಯ ಸ್ವಭಾವವಲ್ಲ. ಆ ಮನೆಯವರು ಕೆಟ್ಟವರಲ್ಲ. ಮಕ್ಕಳು ಆಕೆಯನ್ನು ಪ್ರೀತಿಯಿಂದ ‘ಲಿಬ್ಬ’ ಎಂದು ಕರೆಯುತ್ತಿದ್ದರು, ಆ ಹೆಸರೇ ಕಡೆಯ ತನಕ ನಿಂತಿತು. ಒಳ್ಳೆಯವರ ಮನೆಯಲ್ಲಿಯೂ ಹೀಗಾಗುವುದು ಎಂಬುದೇ ನನ್ನನ್ನು ಯೋಚನೆಗೆ ಹಚ್ಚುವ ಸಂಗತಿ.

ಮನೆಯ ಗಿಟಾರು ಅಡಿಗೆಮನೆಯ ಗೋಡೆಯ ಮೇಲೆ ತೂಗುತ್ತಿದ್ದಿತು. ಯಾರೂ ಇಲ್ಲದ ಹೊತ್ತಿನಲ್ಲಿ ಲಿಬ್ಬ ಅದನ್ನು ಇಳಿಸಿ, ಬಾಲ್ಯದಲ್ಲಿ ಅಣ್ಣನ ಬ್ಯಾಂಜೋವನ್ನು ತೆಗೆದಂತೆಯೇ ಕದ್ದು, ಮೀಟಿ ನೋಡಿದಳು. ಬೆರಳುಗಳು ಮರೆತಿರಲಿಲ್ಲ. ಒಂದು ದಿನ ಪೆಗ್ಗಿ ಒಳಕ್ಕೆ ಬಂದು ಬೆರಗಾಗಿ ನಿಂತಳು. ಆ ಹುಡುಗಿ ಕೇಳಿದ ಹಾಡುಗಳಲ್ಲಿ ‘ಫ್ರೈಟ್ ಟ್ರೇನ್’ ಒಂದು. ಅಂದಿನಿಂದ ಆ ಮನೆಯಲ್ಲಿ, ಲಿಬ್ಬ ಹಾಡುತ್ತ ಕುಳಿತಿರಲು ಹುಡುಗರು ಆಕೆಯ ಪಾಲಿನ ಪಾತ್ರೆಗಳನ್ನು ತೊಳೆಯುವ ದಿನಗಳು ಬಂದವೆಂದು ಹೇಳುತ್ತಾರೆ. ಇದಕ್ಕಿಂತ ದೊಡ್ಡ ಸಂಭಾವನೆಯನ್ನು ಯಾವ ವಿದ್ವಾಂಸನೂ ಪಡೆದಿರಲಾರನು!

1957-58ರಲ್ಲಿ ಮೈಕ್ ಸೀಗರನು ಟೇಪಿನ ಯಂತ್ರವನ್ನು ಹೊತ್ತುಕೊಂಡು ಲಿಬ್ಬಳ ಮನೆಗೇ ಹೋಗಿ ಆಕೆಯ ಹಾಡುಗಳನ್ನು ಮುದ್ರಿಸಿಕೊಂಡನು. 1958ರಲ್ಲಿ ನ್ಯೂಯಾರ್ಕಿನ ಫೋಕ್‌ವೇಸ್ ಕಂಪನಿಯಿಂದ ರಿಕಾರ್ಡು ಹೊರಬಂದಿತು. ಜನಪದ ಗೀತೆಗಳೂ ಗಿಟಾರಿನ ನುಡಿಗಳೂ ಎಂಬಷ್ಟೇ ಅರ್ಥದ ಸಾದಾ ಹೆಸರು. ವಾದ್ಯದ ಸ್ಪಷ್ಟತೆಯನ್ನೂ ಬೆರಳಿನ ಚಳಕವನ್ನೂ ಬಯಸುವವರು ಇಂದಿಗೂ ಕೇಳಬೇಕಾದುದು ಇದನ್ನೇ.

ಅಷ್ಟರೊಳಗಾಗಿ ಒಂದು ಅನ್ಯಾಯವು ನಡೆದುಹೋಗಿತ್ತು. ಪೆಗ್ಗಿಯು ಇಂಗ್ಲೆಂಡಿಗೆ ಹೋಗಿದ್ದಾಗ ಅಲ್ಲಿ ‘ಫ್ರೈಟ್ ಟ್ರೇನ್’ ಹಾಡನ್ನು ಹಾಡುತ್ತಿದ್ದಳು. ಕೇಳಿದವರಲ್ಲಿ ಕೆಲವರು ಅದನ್ನು ತಾವೇ ರಚಿಸಿದುದೆಂಬಂತೆ ತಮ್ಮ ಹೆಸರಿನಲ್ಲಿ ನೋಂದಾಯಿಸಿಕೊಂಡರು. 1957ರಲ್ಲಿ ಚಾಸ್ ಮೆಕ್‌ಡೆವಿಟ್ ಎಂಬವನ ತಂಡವು ನ್ಯಾನ್ಸಿ ವಿಸ್ಕಿ ಎಂಬ ಗಾಯಕಿಯೊಡನೆ ಅದನ್ನು ಹಾಡಿ ಮುದ್ರಿಸಲು ಇಂಗ್ಲೆಂಡಿನಲ್ಲೆಲ್ಲ ಅದೇ ಹಾಡಾಯಿತು. ಹಾಡನ್ನು ಕಟ್ಟಿದವಳಾದರೋ ವಾಷಿಂಗ್ಟನ್ನಿನಲ್ಲಿ ಪರರ ಮನೆಯ ನೆಲವನ್ನು ಒರೆಸುತ್ತಿದ್ದಳು. ಜನಪದ ಹಾಡೆಂದರೆ ಯಾರದೂ ಅಲ್ಲದ ಹಾಡೆಂದು ಕೆಲವರ ಭಾವನೆ. ಯಾರೋ ಒಬ್ಬರು ಮೊದಲು ಕಟ್ಟಿರಲೇಬೇಕಷ್ಟೆ. ಆ ಒಬ್ಬರು ಜೀವದಿಂದಿದ್ದು, ಬಡವರಾಗಿದ್ದು, ಹೆಂಗಸಾಗಿದ್ದರೆ ಕೇಳುವ ಗೋಜಿಗೆ ಹೋಗುವವರು ಕಡಿಮೆ. ಸೀಗರ್ ಮನೆಯವರು ಬಿಡದೆ ಹೋರಾಡಿದುದರಿಂದ ಕಡೆಗೆ ಹಾಡಿನೊಡನೆ ಆಕೆಯ ಹೆಸರು ಮತ್ತೆ ಸೇರಿತು. ಹಣದಲ್ಲಿಯೂ ಪಾಲು ಬರತೊಡಗಿತು. ಪೀಟರ್, ಪಾಲ್ ಮತ್ತು ಮೇರಿ ಎಂಬ ಪ್ರಸಿದ್ಧ ಮೂವರೂ ಆ ಹಾಡನ್ನು 1963ರಲ್ಲಿ ಮುದ್ರಿಸಿದರು.

ಆ ವರ್ಷಗಳಲ್ಲಿ ಅಮೇರಿಕಾದ ಕಾಲೇಜಿನ ತರುಣರಿಗೆ ಹಳೆಯ ಬ್ಲೂಸ್ ಗಾಯಕರನ್ನು ಹುಡುಕುವ ಹುಚ್ಚು ಹಿಡಿದಿತ್ತು. 1928ರಲ್ಲಿ ಹಾಡಿ ಮರೆಯಾಗಿದ್ದ ಮಿಸ್ಸಿಸ್ಸಿಪಿಯ ಜಾನ್ ಹರ್ಟನನ್ನು 1963ರಲ್ಲಿಯೂ, ಸನ್ ಹೌಸನನ್ನು 1964ರಲ್ಲಿಯೂ ಹುಡುಕಿ ತಂದು ವೇದಿಕೆಯನ್ನೇರಿಸಿದರು. ಅವರನ್ನು ಹುಡುಕಲು ಹಳೆಯ ರಿಕಾರ್ಡುಗಳ ಆಧಾರವಾದರೂ ಇದ್ದಿತು. ಲಿಬ್ಬಳಿಗೆ ಅದೂ ಇರಲಿಲ್ಲ. ಒಂದು ಮಗು ಅಂಗಡಿಯಲ್ಲಿ ದಾರಿತಪ್ಪದೆ ಇದ್ದಿದ್ದರೆ ಹುಡುಕುವವರಿಗೆ ಆಕೆಯ ಸುಳಿವೇ ಸಿಕ್ಕುತ್ತಿರಲಿಲ್ಲ. 1960ರಲ್ಲಿ ಸ್ವಾರ್ತ್‌ಮೋರ್ ಕಾಲೇಜಿನಲ್ಲಿ ಮೈಕನೊಡನೆ ಆಕೆಯ ಮೊದಲನೆಯ ಕಚೇರಿ ನಡೆಯಿತು. 1964ರಲ್ಲಿ ನ್ಯೂಪೋರ್ಟಿನ ದೊಡ್ಡ ಜನಪದ ಸಂಗೀತೋತ್ಸವದಲ್ಲಿ ಹಾಡಿದಳು. ಆದರೂ ಮನೆಗೆಲಸವನ್ನು ಒಮ್ಮೆಗೇ ಬಿಡಲಿಲ್ಲ. ಕೀರ್ತಿಯಿಂದ ಒಲೆ ಉರಿಯುವುದಿಲ್ಲವೆಂಬುದು ಆಕೆಗೆ ಚೆನ್ನಾಗಿ ತಿಳಿದಿತ್ತು.

1967ರಲ್ಲಿ ಬಂದ ಎರಡನೆಯ ರಿಕಾರ್ಡಿನ ಹೆಸರು ‘ಷೇಕ್ ಷುಗರೀ’. ಮನೆಯ ಒಂದೊಂದೇ ಸಾಮಾನನ್ನು ಒತ್ತೆ ಇಡುತ್ತ ಹೋಗುವ ಸಂಸಾರದ ಹಾಡು ಅದು. ವಿಷಯವು ಕಷ್ಟದ್ದು, ಧಾಟಿಯು ಮಾತ್ರ ಮಕ್ಕಳ ಆಟದ್ದು. ರಾತ್ರಿ ಮಲಗುವ ಹೊತ್ತಿನಲ್ಲಿ ಮರಿಮಕ್ಕಳನ್ನು ಸುತ್ತ ಕೂರಿಸಿಕೊಂಡು, ಒಬ್ಬೊಬ್ಬರಿಂದ ಒಂದೊಂದು ಚರಣವನ್ನು ಹೇಳಿಸಿ ಮುತ್ತಜ್ಜಿಯು ಅದನ್ನು ಕಟ್ಟಿದಳು. ರಿಕಾರ್ಡಿನಲ್ಲಿ ಅದನ್ನು ಹಾಡಿರುವವಳು 12 ವರ್ಷದ ಮರಿಮಗಳು, ಗಿಟಾರು ಮುತ್ತಜ್ಜಿಯದು. ತಾನು ಗೂಡ್ಸ್ ಗಾಡಿಯ ಹಾಡನ್ನು ಕಟ್ಟಿದ ವಯಸ್ಸಿನ ಮಗುವಿಗೆ ಹಾಡುವ ಸ್ಥಾನವನ್ನು ಬಿಟ್ಟುಕೊಟ್ಟು ತಾನು ಹಿಂದೆ ಕುಳಿತಳು. 1978ರಲ್ಲಿ, ಹಾಡುಗಳಿಂದಲೂ ಕಚೇರಿಗಳಿಂದಲೂ ಬಂದ ಹಣದಿಂದ, ನ್ಯೂಯಾರ್ಕ್ ಸಂಸ್ಥಾನದ ಸಿರಕ್ಯೂಸ್ ಎಂಬ ಊರಿನಲ್ಲಿ ಸ್ವಂತ ಮನೆಯೊಂದನ್ನು ಕೊಂಡು ಮನೆಯವರೊಡನೆ ಅಲ್ಲಿಗೆ ಹೋದಳು. ಹತ್ತಾರು ಮನೆಗಳನ್ನು ಗುಡಿಸಿದ ಕೈಗೆ 85ನೆಯ ವಯಸ್ಸಿನಲ್ಲಿ ತನ್ನದೇ ಆದ ಒಂದು ಮನೆ ಸಿಕ್ಕಿತು. ಮರುವರ್ಷ ಮೂರನೆಯ ರಿಕಾರ್ಡು ಬಂದಿತು.

ಈಗ 1983ರ ಆ ಕಚೇರಿಯ ರಿಕಾರ್ಡಿಗೆ ಬರೋಣ. ಇದರಲ್ಲಿ ಕುಂದುಗಳಿಲ್ಲವೆಂದು ನಾನು ಹೇಳುವುದಿಲ್ಲ. ಕಂಠವು ಮುದುಕಿಯ ಕಂಠ: ಒರಟು, ಸಣ್ಣನೆಯದು, ಒಮ್ಮೊಮ್ಮೆ ಸ್ವರದ ಅಂಚಿನಲ್ಲಿ ನಡುಗುವಂಥದು. ಬೆರಳುಗಳಲ್ಲಿ 1958ರ ಬಿರುಸಿಲ್ಲ. ಹೊಸ ಹಾಡುಗಳ ಸಂಪತ್ತನ್ನು ಹುಡುಕುವವರಿಗೂ ನಿರಾಸೆಯಾದೀತು, ಬಹುಮಟ್ಟಿಗೆ ಹಳೆಯವೇ. ಹೀಗಿದ್ದರೂ ಆಕೆಯ ರಿಕಾರ್ಡುಗಳಲ್ಲಿ ಒಂದನ್ನು ಮಾತ್ರ ಮನೆಯಲ್ಲಿ ಇಟ್ಟುಕೊಳ್ಳಬಹುದೆಂದರೆ ನಾನು ಇದನ್ನೇ ಇಟ್ಟುಕೊಳ್ಳುವೆನು.

ಏಕೆಂದರೆ ಇದರಲ್ಲಿ ಆಕೆ ಮಾತಾಡುತ್ತಾಳೆ. ಹಾಡಿಗೂ ಹಾಡಿಗೂ ನಡುವೆ ಬಾಲ್ಯದ ಕಥೆ, ವಾದ್ಯದ ಕಥೆ, ಅವಸರವೆಂಬುದಿಲ್ಲ. ಹುರಳಿಕಾಯಿ ಸೋಸುತ್ತ ಜಗಲಿಯಲ್ಲಿ ಕುಳಿತ ಅಜ್ಜಿ ನೆರೆಯವರಿಗೆ ಹಳೆಯ ಸಂಗತಿಯನ್ನು ಹೇಳುವಂತೆ ಹೇಳುತ್ತಾಳೆ. ಎಲ್ಲಿ ನಗಬೇಕೆಂಬುದು ಸಭೆಗೆ ತಾನಾಗಿ ತಿಳಿಯುತ್ತದೆ. ಮಾತು ಮುಗಿಯಿತೋ ಇಲ್ಲವೋ ಎನ್ನುವಷ್ಟರಲ್ಲಿ ಬೆರಳು ತಂತಿಯ ಮೇಲೆ ಬಿದ್ದಿರುತ್ತದೆ. ಕಥೆಯೇ ಹಾಡಾಗಿ ಮುಂದುವರಿಯುತ್ತದೆ. ಮೊದಲನೆಯ ರಿಕಾರ್ಡಿನಲ್ಲಿ ಕೇಳಿಸುವವಳು ವಾದ್ಯಗಾರ್ತಿ. ಅಲ್ಲಿ ಆಕೆ, ಎಷ್ಟೆಂದರೂ, ತಾನು ಕೆಲಸ ಮಾಡುತ್ತಿದ್ದ ಮನೆಯ ಹುಡುಗನ ಯಂತ್ರದ ಮುಂದೆ ಕುಳಿತವಳು. ಬೇಕಾದಷ್ಟು ನುಡಿಸಿ ಸುಮ್ಮನಾಗುತ್ತಾಳೆ. ಇಲ್ಲಿ ಸಭೆಯೇ ಆಕೆಯ ಮನೆ. ಬಂದವರನ್ನು ಕೂರಿಸಿ ಉಪಚರಿಸುವ ಯಜಮಾನಿ ಆಕೆಯೇ. ಆಯುಷ್ಯವೆಲ್ಲ ಹಿಂಬಾಗಿಲಿನಿಂದ ಒಳಹೊಕ್ಕ ಹೆಂಗಸಿನ ಧ್ವನಿಯಲ್ಲಿ ಈ ಯಜಮಾನಿಕೆಯು ಎಷ್ಟು ಸಹಜವಾಗಿದೆಯೆಂದರೆ, ಅದನ್ನು ಆಕೆ ಯಾವ ಮೂಲೆಯಲ್ಲಿ ಬಚ್ಚಿಟ್ಟಿದ್ದಳೋ ಎಂದು ಸೋಜಿಗವಾಗುತ್ತದೆ.

‘ಫ್ರೈಟ್ ಟ್ರೇನ್’ ಬಂದಾಗ ಸಭೆಯೆಲ್ಲ ದನಿಗೂಡಿಸುತ್ತದೆ. ಜನರಿಗೆ ಹಾಡು ಕಂಠಪಾಠವಾಗಿದೆ. ಒಂದು ಕಾಲಕ್ಕೆ ಬೇರೆಯವರ ಹೆಸರಿನಲ್ಲಿ ಊರೆಲ್ಲ ಮೆರೆದ ಅದೇ ಹಾಡು. ಹನ್ನೊಂದು ಹನ್ನೆರಡರ ಹುಡುಗಿ ತಾನು ಹೋದ ದಾರಿಯನ್ನು ಯಾರಿಗೂ ಹೇಳಬೇಡಿರೆಂದು ಬೇಡಿದ ಮಾತನ್ನು ನೂರಾರು ಜನರು ಆಕೆಯ ಎದುರಿಗೇ ಕುಳಿತು ಹಾಡುತ್ತಾರೆ. ಆಕೆ ಗಿಟಾರನ್ನು ನುಡಿಸುತ್ತ ಅವರನ್ನು ನಡಸುತ್ತಾಳೆ. ಸಾವಿನ ಚರಣವೂ ಬರುತ್ತದೆ; ತೊಂಬತ್ತರ ಬಾಯಿಯಲ್ಲಿ ಆ ಮಾತಿಗೆ ಬೇರೆಯ ತೂಕ. ಆಕೆ ಅದನ್ನು ಒತ್ತಿ ಹಾಡುವುದಿಲ್ಲ, ಮೆಲ್ಲನೆ ದಾಟಿಸಿಬಿಡುತ್ತಾಳೆ. ನನಗೆ ಈ ರಿಕಾರ್ಡಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸಿಗೆ ನಾಟಿದುದು ಅದೇ.

ಮಾನಸಮ್ಮಾನಗಳು ಆ ಮೇಲೆ ಒಂದರ ಹಿಂದೆ ಒಂದು ಬಂದವು. 1984ರಲ್ಲಿ ರಾಷ್ಟ್ರದ ಕಲಾಸಂಸ್ಥೆಯು ಪರಂಪರೆಯ ಕಲಾವಿದರಿಗೆ ಕೊಡುವ ಗೌರವವನ್ನು ಸಲ್ಲಿಸಿತು. ಸಿರಕ್ಯೂಸಿನಲ್ಲಿ ಒಂದು ಸಣ್ಣ ಮರದ ತೋಪಿಗೆ ಆಕೆಯ ಹೆಸರನ್ನಿಟ್ಟರು. ಗ್ರ್ಯಾಮಿ ಬಹುಮಾನದ ಮಾತನ್ನು ಮೊದಲೇ ಹೇಳಿದೆನು. 1987ನೆಯ ಇಸವಿ ಜೂನ್ 29ರಂದು, 94ನೆಯ ವಯಸ್ಸಿನಲ್ಲಿ, ಸಿರಕ್ಯೂಸಿನಲ್ಲಿಯೇ ಆಕೆ ತೀರಿಕೊಂಡಳು. ರಾಕ್ ಸಂಗೀತದವರು ತಮ್ಮ ಪೂರ್ವಿಕರ ಸಾಲಿನಲ್ಲಿ ಆಕೆಯನ್ನು ಸೇರಿಸಿಕೊಂಡುದು 2022ರಲ್ಲಿ.

ಆಕೆ ತೀರಿಕೊಂಡ ವರ್ಷವೇ ಫೋಕ್‌ವೇಸ್ ಕಂಪನಿಯ ಭಂಡಾರವು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ವಶಕ್ಕೆ ಬಂದಿತು. 2016ರಲ್ಲಿ ಅರ್ಹೂಲಿಯದೂ ಅಲ್ಲಿಗೇ ಸೇರಿತು. ಹೀಗಾಗಿ ಆಕೆಯ ಮೊದಲನೆಯ ರಿಕಾರ್ಡೂ ಈ ಕಚೇರಿಯ ರಿಕಾರ್ಡೂ ಈಗ ಒಂದೇ ಸೂರಿನ ಕೆಳಗೆ, ಆಕೆ ಬೊಂಬೆ ಮಾರಿ ಬದುಕಿದ ನಗರದಲ್ಲಿಯೇ ಇವೆ. ಬೇಕಾದವರು ತರಿಸಿ ಕೇಳಬಹುದು. ಇತ್ತ ಆಕೆಯ ಹುಟ್ಟೂರಾದ ಕಾರ್‌ಬರೋದಲ್ಲಿ, ರೈಲು ಹಳಿಯ ಪಕ್ಕಕ್ಕೇ, ಕಾಲುನಡಗೆಯವರಿಗೂ ಸೈಕಲ್ಲಿನವರಿಗೂ ಒಂದು ಹಾದಿಯನ್ನು ಹಾಕಿದ್ದಾರೆ. ಅದರ ಹೆಸರು ಲಿಬ್ಬ ಕಾಟನ್ ಹಾದಿ.